ನೂರೆಂಬತ್ತು ಕುರ್ಚಿಗಳ ರಂಗಮಂದಿರದಿಂದ ಬ್ರಾಡ್‌ವೇಗೆ

2024ರಲ್ಲಿ ‘ವಿಕೆಡ್’ ಸಿನಿಮಾ ನೋಡಿದವರು ಹಸಿರು ಮೈಬಣ್ಣದ ಎಲ್ಫಬಾಳನ್ನು ಮರೆತಿರಲಾರರು. ಆ ಪಾತ್ರ ಮಾಡಿದ ಸಿಂಥಿಯಾ ಎರಿವೊ 1987ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ತಂದೆ ತಾಯಿ ನೈಜೀರಿಯಾದ ಇಗ್ಬೊ ಜನ, ತಾಯಿ ನರ್ಸ್. ಸಿನಿಮಾದವರು ಎರಿವೊ ಅವರನ್ನು ಹುಡುಕಿಕೊಂಡು ಬರುವ ಮೊದಲೇ ಅವರು ವರ್ಷಗಟ್ಟಲೆ ರಂಗದ ಮೇಲೆ ದುಡಿದಿದ್ದರು. ಲಂಡನ್ನಿನ ರಂಗಭೂಮಿ ಒಬ್ಬ ನಟಿಯನ್ನು ಹೇಗೆ ಬೆಳೆಸುತ್ತದೆ ಎಂದು ತಿಳಿಯಲು ಆ ವರ್ಷಗಳನ್ನು ನೋಡಿದರೆ ಸಾಕು.

ಮೊದಲ ಮೆಟ್ಟಿಲು ನಾಟಕಶಾಲೆ. ವಿಶ್ವವಿದ್ಯಾಲಯದಲ್ಲಿ ಸಂಗೀತ ಮನಃಶಾಸ್ತ್ರ ಓದುತ್ತಿದ್ದ ಎರಿವೊ ಅದನ್ನು ನಡುವೆಯೇ ಬಿಟ್ಟು, 1904ರಲ್ಲಿ ಶುರುವಾದ ‘ರಾಡಾ’ ನಾಟಕಶಾಲೆ ಸೇರಿದರು. 2010ರಲ್ಲಿ ಓದು ಮುಗಿಸಿದರು. ಅಲ್ಲಿ ಮೂರು ವರ್ಷ ದನಿ, ದೇಹ, ಷೇಕ್ಸ್‌ಪಿಯರ್ ಎಲ್ಲದರ ತಾಲೀಮು. ಕೊನೆಯ ವರ್ಷದ ಪ್ರಯೋಗಗಳಿಗೆ ಏಜೆಂಟರು ಬಂದು ಕೂರುತ್ತಾರೆ. ದೊಡ್ಡ ನಾಟಕಗಳ ಆಡಿಷನ್‌ಗೆ ಕರೆ ಬರುವುದು ಹೆಚ್ಚಾಗಿ ಇವರ ಮೂಲಕವೇ. ಬಂದ ಸಂಭಾವನೆಯಲ್ಲಿ ಅವರಿಗೂ ಪಾಲು.

ಮುಂದಿನದು ತಿರುಗಾಟ. 2011ರಲ್ಲಿ ಹೊರಟ ‘ಸಿಸ್ಟರ್ ಆ್ಯಕ್ಟ್’ ತಂಡದಲ್ಲಿ ಎರಿವೊ ಅವರದು ಮುಖ್ಯ ಪಾತ್ರ, ಡೆಲೋರಿಸ್. ಊರೂರು ಸುತ್ತುತ್ತಾ ವಾರಕ್ಕೆ ಎಂಟು ಪ್ರಯೋಗ, ಅಂದರೆ ಕೆಲವು ದಿನ ಮಧ್ಯಾಹ್ನ ಒಂದು, ಸಂಜೆ ಇನ್ನೊಂದು. ಗಂಟಲನ್ನು ಕಾಪಾಡಿಕೊಂಡು ತಿಂಗಳುಗಟ್ಟಲೆ ಹಾಡುವ ವಿದ್ಯೆ ಕೈಗೂಡುವುದು ಇಂಥಲ್ಲಿಯೇ.

ಆದರೆ ಎರಿವೊ ಅವರ ದಿಕ್ಕು ಬದಲಾದದ್ದು 2013ರಲ್ಲಿ, ಥೇಮ್ಸ್ ನದಿಯ ದಕ್ಷಿಣಕ್ಕಿರುವ ಮೆನಿಯರ್ ಚಾಕೊಲೇಟ್ ಫ್ಯಾಕ್ಟರಿಯಲ್ಲಿ. ಹೆಸರೇ ಹೇಳುವಂತೆ ಅದು ಹಿಂದೆ ಚಾಕೊಲೇಟ್ ಕಾರ್ಖಾನೆ. ಕುರ್ಚಿಗಳು ಸುಮಾರು 180. ಇಷ್ಟು ಕುರ್ಚಿಗಳ ಟಿಕೆಟ್ ಮಾರಿ ಸಂಗೀತ ನಾಟಕವೊಂದರ ಖರ್ಚು ತೂಗಿಸುವುದು ಬಹಳ ಕಷ್ಟ. ಹಾಗಾಗಿ ಇಂಥ ರಂಗಮಂದಿರಗಳು ‘ಟ್ರಾನ್ಸ್‌ಫರ್’ಗಾಗಿ ಕಾಯುತ್ತವೆ: ವಿಮರ್ಶೆ ಚೆನ್ನಾಗಿ ಬಂದರೆ ನಿರ್ಮಾಪಕರು ಬಂದು ನೋಡುತ್ತಾರೆ, ಹಣ ಹಾಕಿ ನಾಟಕವನ್ನು ದೊಡ್ಡ ರಂಗಮಂದಿರಕ್ಕೆ ಒಯ್ಯುತ್ತಾರೆ. ‘ಎ ಲಿಟ್ಲ್ ನೈಟ್ ಮ್ಯೂಸಿಕ್’ ಪ್ರಯೋಗ ಇಲ್ಲಿಂದಲೇ ನ್ಯೂಯಾರ್ಕಿನ ಬ್ರಾಡ್‌ವೇ ಮುಟ್ಟಿತ್ತು.

ಆಲಿಸ್ ವಾಕರ್ ಕಾದಂಬರಿಯನ್ನು ಆಧರಿಸಿದ ‘ದಿ ಕಲರ್ ಪರ್ಪಲ್’ 2005ರಲ್ಲೇ ಬ್ರಾಡ್‌ವೇಯಲ್ಲಿ ಅದ್ದೂರಿಯಾಗಿ ನಡೆದಿತ್ತು. ನಿರ್ದೇಶಕ ಜಾನ್ ಡಾಯ್ಲ್ ಮೆನಿಯರ್‌ನಲ್ಲಿ ಆ ಅದ್ದೂರಿಯನ್ನೆಲ್ಲ ಕಳಚಿ ಮರದ ಕುರ್ಚಿಗಳನ್ನಷ್ಟೇ ಉಳಿಸಿಕೊಂಡರು. ಜಾರ್ಜಿಯಾದ ಬಡ ಕಪ್ಪು ಹುಡುಗಿ ಸೀಲಿಯ ಹದಿನಾಲ್ಕರಿಂದ ನಡುವಯಸ್ಸು ದಾಟುವವರೆಗಿನ ಬದುಕನ್ನು ಎರಿವೊ ದನಿಯಲ್ಲಿ, ಬೆನ್ನಿನ ಬಾಗಿನಲ್ಲಿ ತೋರಿಸಬೇಕಿತ್ತು. ಪ್ರೇಕ್ಷಕರು ಕೂತಿರುವುದು ಮಾರು ದೂರದಲ್ಲಿ. ಅಷ್ಟು ಹತ್ತಿರದಲ್ಲಿ ಸುಳ್ಳು ನಟನೆ ನಡೆಯುವುದಿಲ್ಲ. ಚಿಕ್ಕ ರಂಗಮಂದಿರದ ದೊಡ್ಡ ಗುಣ ಇದೇ ಎಂದು ನಾನು ನಂಬಿದ್ದೇನೆ.

ಮರುವರ್ಷವೇ ಅವರು ಎರಡು ಸಾವಿರಕ್ಕೂ ಹೆಚ್ಚು ಕುರ್ಚಿಗಳ ಲಂಡನ್ ಪಲೇಡಿಯಂನಲ್ಲಿ ‘ಐ ಕಾಂಟ್ ಸಿಂಗ್!’ ನಾಟಕದ ನಾಯಕಿಯಾದರು. ಮಾರ್ಚ್ ಕೊನೆಯಲ್ಲಿ ಆರಂಭವಾದ ನಾಟಕ ಮೇ 10ಕ್ಕೆ ನಿಂತುಹೋಯಿತು. ಟಿಕೆಟ್ ಹೋಗದಿದ್ದರೆ ದೊಡ್ಡ ನಾಟಕಕ್ಕೆ ಉಳಿಗಾಲವಿಲ್ಲ. ನಟರಿಗೆ ಮತ್ತೆ ಆಡಿಷನ್ನಿನ ಸಾಲು.

ಎರಿವೊ ಅವರ ಕೈಹಿಡಿದದ್ದು ಮೆನಿಯರ್‌ನ ಆ ಚಿಕ್ಕ ನಾಟಕ. ಲಂಡನ್ನಿನಿಂದ ಬ್ರಾಡ್‌ವೇಗೆ ಟ್ರಾನ್ಸ್‌ಫರ್ ಆದಾಗ ಎಷ್ಟೋ ಸಲ ನಾಟಕ ಹೋಗುತ್ತದೆ, ನಟರು ಉಳಿಯುತ್ತಾರೆ. ಟಿಕೆಟ್ ಮಾರಲು ಹೆಸರಾಂತ ಮುಖಗಳು ಬರುತ್ತವೆ. ಬ್ರಾಡ್‌ವೇಯಲ್ಲೂ ಶುಗ್ ಪಾತ್ರಕ್ಕೆ ಜೆನಿಫರ್ ಹಡ್ಸನ್ ಬಂದರು. ಸೀಲಿಯ ಪಾತ್ರಕ್ಕೆ ಮಾತ್ರ ನಿರ್ಮಾಪಕರು ಅಮೆರಿಕದಲ್ಲಿ ಯಾರಿಗೂ ಗೊತ್ತಿರದಿದ್ದ ಎರಿವೊ ಅವರನ್ನೇ ಕರೆಸಿಕೊಂಡರು. 2015ರ ಡಿಸೆಂಬರ್ 10ರಂದು ನಾಟಕ ಆರಂಭವಾಯಿತು. ‘ಐ ಆ್ಯಮ್ ಹಿಯರ್’ ಹಾಡು ಮುಗಿಯುತ್ತಲೇ ಜನ ನಾಟಕದ ನಡುವೆಯೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. 2016ರಲ್ಲಿ ಟೋನಿ ಪ್ರಶಸ್ತಿ ಬಂತು. 2018ರಲ್ಲಿ ‘ವಿಡೋಸ್’ ಸಿನಿಮಾ, ಮರುವರ್ಷ ‘ಹ್ಯಾರಿಯಟ್’.

ಲಂಡನ್ನಿನಲ್ಲಿರುವ ಮಕ್ಕಳ ಮನೆಗೆ ಹೋಗುವವರು ವೆಸ್ಟ್ ಎಂಡ್‌ನ ದೊಡ್ಡ ನಾಟಕವೊಂದನ್ನು ನೋಡಿ ಬರುತ್ತಾರೆ. ಮುಂದಿನ ಸಲ ಹೋದಾಗ ಇಂಥ ಚಿಕ್ಕ ರಂಗಮಂದಿರಕ್ಕೂ ಒಂದು ಟಿಕೆಟ್ ತೆಗೆಸಿ.