ಪೂರ್ಣವಿರಾಮವೇ ಇಲ್ಲದ ಪಿಎಚ್‌ಡಿ ಪ್ರಬಂಧ!

ಪದಗಳು 52,438. ಪೂರ್ಣವಿರಾಮ ಒಂದೂ ಇಲ್ಲ! ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಪ್ಯಾಟ್ರಿಕ್ ಸ್ಟೂವರ್ಟ್ ಸಲ್ಲಿಸಿದ ಪಿಎಚ್‌ಡಿ ಪ್ರಬಂಧವಿದು. 2015ರಲ್ಲಿ ಅದು ಅಂಗೀಕಾರವಾಯಿತು. ಆಗ ಅವರಿಗೆ 61 ವರ್ಷ.

ವಾಸ್ತುಶಿಲ್ಪಿಯಾದ ಸ್ಟೂವರ್ಟ್ ನಿಸ್ಗಾ ಮೂಲನಿವಾಸಿ ಸಮುದಾಯದವರು. ಮೂಲನಿವಾಸಿಗಳ ಕಟ್ಟಡ ಕಲೆಯೇ ಪ್ರಬಂಧದ ವಿಷಯ. ಮೊದಲ ಕರಡನ್ನು ಬರೆದದ್ದು ನಿಸ್ಗಾ ಭಾಷೆಯಲ್ಲಿ. ಅದು ನಡೆಯದು, ಇಂಗ್ಲಿಷ್‌ನಲ್ಲೇ ಬೇಕು ಎಂಬ ಮಾತು ಬಂತು. ಸ್ಟೂವರ್ಟ್ ಇಂಗ್ಲಿಷ್‌ನಲ್ಲೇ ಬರೆದರು. ಆದರೆ ಅದರ ಕಟ್ಟುಪಾಡಿಗೆ ತಲೆಬಾಗಲಿಲ್ಲ. ದೊಡ್ಡಕ್ಷರ, ಅಲ್ಪವಿರಾಮ ಯಾವುದೂ ಬೇಡವೆಂದರು. ಅಲ್ಲಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಉಳಿದವು. ಬಾಯಿಂದ ಬಾಯಿಗೆ ಹರಿದುಬಂದ ಜ್ಞಾನವನ್ನು ವಸಾಹತುಶಾಹಿ ವ್ಯಾಕರಣದ ಚೌಕಟ್ಟಿಗೆ ತುರುಕಬೇಕೇಕೆ ಎಂಬುದು ಅವರ ನಿಲುವು. ಹಟವೆಂದು ತಳ್ಳಿಹಾಕುವ ಮಾತಲ್ಲ ಇದು. ಅದೇ ದೇಶದ ವಸತಿ ಶಾಲೆಗಳಲ್ಲಿ ತಾಯ್ನುಡಿ ಆಡಿದ ಮೂಲನಿವಾಸಿ ಮಕ್ಕಳು ಪೆಟ್ಟು ತಿಂದಿದ್ದಾರೆ. ಅಂಥ ಕೊನೆಯ ಶಾಲೆ ಮುಚ್ಚಿದ್ದು 1990ರ ದಶಕದಲ್ಲಿ.

ಓದುಗರಿಗೆ ತೊಡಕಾಗದಂತೆ ಪ್ರತಿ ಅಧ್ಯಾಯದ ಆರಂಭದಲ್ಲಿ ಪುಟ್ಟ ಸಾರಾಂಶವಿದೆ. ಅದು ಮಾತ್ರ ಶಿಷ್ಟ ಇಂಗ್ಲಿಷ್‌ನಲ್ಲಿ, ವಿರಾಮಚಿಹ್ನೆಗಳ ಸಮೇತ!