ಲೇಸರ್ ತಗೊಳ್ಳೋದಾ, ಆರ್‌ಎಫ್ ತಗೊಳ್ಳೋದಾ? ಸ್ಕಿನ್ ಕ್ಲಿನಿಕ್‌ನ ಮೊದಲ ಮಷೀನ್ ಲೆಕ್ಕ

ಮುಖದ ಚಿಕಿತ್ಸೆಗೆ ಬಳಸುವ ಲೇಸರ್ ಮತ್ತು ರೇಡಿಯೋಫ್ರೀಕ್ವೆನ್ಸಿ (ಆರ್‌ಎಫ್) ಉಪಕರಣಗಳ ಕುರಿತು ಚರ್ಮರೋಗ ತಜ್ಞೆಯೊಬ್ಬರ ಜೊತೆ ನಡೆಸಿದ ಪಾಡ್‌ಕಾಸ್ಟ್ ಮಾತುಕತೆಯ ಲಿಖಿತ ರೂಪ ಇಲ್ಲಿದೆ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಮೊಟಕುಗೊಳಿಸಲಾಗಿದೆ.

ನಿರೂಪಕ: ಈಗ ಜಿಲ್ಲಾ ಕೇಂದ್ರಗಳಲ್ಲಿ ಮಾತ್ರ ಅಲ್ಲ, ತಾಲ್ಲೂಕು ಊರುಗಳಲ್ಲೂ ಸ್ಕಿನ್ ಕ್ಲಿನಿಕ್ ಬೋರ್ಡ್ ಕಾಣಿಸ್ತಿದೆ. ಎಂ.ಡಿ. ಮುಗಿಸಿ ಸ್ವಂತ ಕ್ಲಿನಿಕ್ ಹಾಕೋ ಯುವ ವೈದ್ಯರು ಹೆಚ್ಚಾಗಿ ಕೇಳೋ ಪ್ರಶ್ನೆ ಒಂದೇ. ಸಾಲ ಮಾಡಿ ಒಂದು ಮಷೀನ್ ತಗೊಳ್ಳೋದಕ್ಕೆ ಆಗುತ್ತೆ, ಎರಡಕ್ಕೆ ಆಗಲ್ಲ. ಲೇಸರ್ ತಗೊಳ್ಳೋದಾ, ಆರ್‌ಎಫ್ ತಗೊಳ್ಳೋದಾ? ಡಾಕ್ಟ್ರೇ, ಇಲ್ಲಿಂದಲೇ ಶುರು ಮಾಡೋಣ.

ವೈದ್ಯೆ: ನಾನು ಅವರಿಗೆ ಬ್ರೋಷರ್ ಮುಚ್ಚಿಡಿ, ಓಪಿಡಿ ರಿಜಿಸ್ಟರ್ ತೆಗೀರಿ ಅಂತೀನಿ. ಕಳೆದ ಆರು ತಿಂಗಳಲ್ಲಿ ನಿಮ್ಮ ಹತ್ರ ಬಂದವರಲ್ಲಿ ಮೊಡವೆ ಗುಳಿಗೆ ಬಂದವರು ಎಷ್ಟು, ಬಂಗಿಗೆ ಎಷ್ಟು, ಬೇಡದ ಕೂದಲಿಗೆ ಎಷ್ಟು, ಟ್ಯಾಟೂ ತೆಗೆಸೋಕೆ ಎಷ್ಟು? ಮುಖ ಜೋತು ಬಿದ್ದಿದೆ, ಬಿಗಿ ಮಾಡಿ ಅಂತ ಬಂದವರೆಷ್ಟು? ಅರ್ಧ ಉತ್ತರ ಅಲ್ಲೇ ಇರುತ್ತೆ. ಯಾಕಂದ್ರೆ ಈ ಎರಡು ಮಷೀನ್ ಒಂದೇ ಕೆಲಸ ಮಾಡೋವಲ್ಲ. ಎರಡೂ ಚರ್ಮದೊಳಗೆ ಬಿಸಿ ಹುಟ್ಟಿಸ್ತವೆ, ನಿಜ. ಆದರೆ ಎಲ್ಲಿ, ಯಾವುದರ ಮೂಲಕ ಹುಟ್ಟಿಸ್ತವೆ ಅನ್ನೋದರಲ್ಲಿ ಪೂರಾ ವ್ಯತ್ಯಾಸ.

ನಿರೂಪಕ: ವೈದ್ಯರಲ್ಲದ ನಮ್ಮಂಥ ಕೇಳುಗರಿಗೂ ಅರ್ಥ ಆಗೋ ಹಾಗೆ ಹೇಳಿ.

ವೈದ್ಯೆ: ಬಿಸಿಲಲ್ಲಿ ಕಪ್ಪು ಬಟ್ಟೆ ಬೇಗ ಕಾಯುತ್ತೆ, ಬಿಳಿ ಬಟ್ಟೆ ಅಷ್ಟು ಕಾಯಲ್ಲ, ಅಲ್ವಾ? ಲೇಸರ್ ಕೆಲಸ ಮಾಡೋದು ಹಾಗೇ. ಅದು ಬೆಳಕು. ಒಂದೇ ತರಂಗಾಂತರದ ಬೆಳಕು ಚರ್ಮದಲ್ಲಿ ತನಗೆ ಬೇಕಾದ್ದನ್ನ ಹುಡುಕಿಕೊಂಡು ಹೋಗುತ್ತೆ: ಒಂದು ಬಗೆಯದು ಮೆಲನಿನ್, ಇನ್ನೊಂದು ರಕ್ತದ ಹಿಮೋಗ್ಲೋಬಿನ್, ಮತ್ತೊಂದು ನೀರು. ಬೋಸ್ಟನ್‌ನ ಆಂಡರ್ಸನ್ ಮತ್ತು ಪ್ಯಾರಿಷ್ ಅನ್ನೋ ವೈದ್ಯರು 1983ರಲ್ಲಿ ಇದರ ತತ್ವವನ್ನ ಬರೆದು ಪ್ರಕಟಿಸಿದರು. ಸರಿಯಾದ ಬಣ್ಣದ ಬೆಳಕನ್ನ ಸಾಕಷ್ಟು ಚಿಕ್ಕ ಕ್ಷಣಕ್ಕೆ ಬಿಟ್ಟರೆ ಗುರಿ ಮಾತ್ರ ಸುಡುತ್ತೆ, ಸುತ್ತಲಿನ ಚರ್ಮ ಉಳಿಯುತ್ತೆ ಅಂತ. ಇವತ್ತಿನ ಹೆಚ್ಚಿನ ಚರ್ಮದ ಲೇಸರ್‌ಗಳು ಆ ಮಾತಿನ ಮೇಲೇ ನಿಂತಿವೆ.

ಆರ್‌ಎಫ್ ಬೆಳಕಲ್ಲ, ವಿದ್ಯುತ್ತು. ಇಸ್ತ್ರಿ ಪೆಟ್ಟಿಗೆ ಕಾಯಿಲ್ ಯಾಕೆ ಕಾಯುತ್ತೆ? ಕರೆಂಟಿಗೆ ಅಡ್ಡಿ ಆಗುತ್ತೆ, ಅದಕ್ಕೆ. ಚರ್ಮವೂ ಕರೆಂಟಿಗೆ ಅಡ್ಡಿ ಒಡ್ಡುತ್ತೆ, ಅಲ್ಲೇ ಬಿಸಿ ಹುಟ್ಟುತ್ತೆ. ಒಳಪದರದ ಕೊಲಾಜೆನ್ 60ರಿಂದ 65 ಡಿಗ್ರಿ ಹತ್ತಿರ ಬಂದಾಗ ಕುಗ್ಗುತ್ತೆ, ಆಮೇಲಿನ ವಾರಗಳಲ್ಲಿ ದೇಹ ಹೊಸ ಕೊಲಾಜೆನ್ ಕಟ್ಟುತ್ತೆ. ಚರ್ಮ ಕಪ್ಪೋ ಬಿಳುಪೋ ಕರೆಂಟಿಗೆ ಗೊತ್ತಾಗಲ್ಲ. ‘ಆರ್‌ಎಫ್‌ಗೆ ಬಣ್ಣಗುರುಡು’ ಅಂತ ನಾವು ಹೇಳೋದು ಅದಕ್ಕೇ.

ನಿರೂಪಕ: ಅಂದ್ರೆ ನಮ್ಮ ಕಡೆಯ ಚರ್ಮಕ್ಕೆ ಆರ್‌ಎಫ್ ಒಳ್ಳೇದು ಅಂತಾಯ್ತು?

ವೈದ್ಯೆ: ಸ್ವಲ್ಪ ತಡೀರಿ, ಕಂಪನಿಯವರೂ ಹೀಗೇ ಹೇಳೋದು. ಹಾರ್ವರ್ಡ್‌ನ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಮಾಡಿದ ಚರ್ಮದ ವರ್ಗೀಕರಣ ಇದೆ. ಮೊದಲು ಅದು ಬಿಳಿಯರ ಚರ್ಮಕ್ಕೆ ಅಂತಲೇ ಮಾಡಿದ್ದು, ಕಂದು ಮತ್ತು ಕಪ್ಪು ಚರ್ಮದ 5, 6ನೇ ವರ್ಗ ಆಮೇಲೆ ಸೇರಿದವು. ನಮ್ಮಲ್ಲಿ ಹೆಚ್ಚಿನವರು 4 ಅಥವಾ 5. ಇಂಥ ಚರ್ಮದ ದೊಡ್ಡ ತೊಂದರೆ ಏನಪ್ಪಾ ಅಂದ್ರೆ, ಸ್ವಲ್ಪ ಉರಿಯೂತ ಆದರೂ ಸಾಕು, ಗಾಯ ಮಾಯ್ದ ಮೇಲೆ ಅಲ್ಲಿ ಕಪ್ಪು ಕಲೆ ಉಳಿಯುತ್ತೆ. ತಿಂಗಳುಗಟ್ಟಲೆ ಇರುತ್ತೆ. ಗುಳಿ ತುಂಬಿಸೋಕೆ ಬಂದ ಹುಡುಗಿ ಗುಳಿಯ ಜೊತೆ ಕಲೆಯನ್ನೂ ಹೊತ್ಕೊಂಡು ಮನೆಗೆ ಹೋಗ್ತಾಳೆ.

ಮೇಲ್ಚರ್ಮದಲ್ಲಿ ಮೆಲನಿನ್ ಜಾಸ್ತಿ ಇದ್ದಾಗ ಲೇಸರ್ ಬೆಳಕನ್ನ ಅದೇ ಮೊದಲು ಕುಡಿದುಬಿಡುತ್ತೆ. ಹಾಗಾಗಿ 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ನಮ್ಮವರ ಮುಖಕ್ಕೆ ಅಪಾಯ ಜಾಸ್ತಿ, 1,064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಕಡಿಮೆ. ತರಂಗಾಂತರ ಉದ್ದ ಆದಷ್ಟೂ ಮೆಲನಿನ್ ಕುಡಿಯೋದು ಕಮ್ಮಿ, ಬೆಳಕು ಒಳಗೆ ಇಳಿಯೋದು ಜಾಸ್ತಿ. ಇನ್ನು ಐಪಿಎಲ್ ಅಂತ ಒಂದನ್ನ ಲೇಸರ್ ಅಂತಲೇ ಮಾರ್ತಾರೆ. ಕ್ರಿಕೆಟ್ಟಿನದಲ್ಲ! ಅದು ಲೇಸರ್ರೇ ಅಲ್ಲ, ಹಲವು ತರಂಗಾಂತರ ಒಟ್ಟಿಗೆ ಬರೋ ಫ್ಲ್ಯಾಶ್ ಲೈಟು. ಕಂದು ಚರ್ಮದ ಮೇಲೆ ಅದರ ಕೈ ಬಹಳ ಒರಟು.

ನಿರೂಪಕ: ಮೊಡವೆ ಗುಳಿಯ ವಿಷಯಕ್ಕೆ ಬರೋಣ. ಅದಕ್ಕೇ ಜನ ಹೆಚ್ಚು ಬರ್ತಾರೆ ಅಂದ್ರಿ.

ವೈದ್ಯೆ: ನಿಜವಾದ ಪೈಪೋಟಿ ಇರೋದೂ ಅಲ್ಲೇ. ಒಂದು ಕಡೆ ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್, 10,600 ನ್ಯಾನೋಮೀಟರ್. ಅದು ಹುಡುಕೋದು ನೀರನ್ನ. ಚರ್ಮದಲ್ಲಿ ಸಣ್ಣ ಸಣ್ಣ ಬಾವಿ ತೋಡಿದ ಹಾಗೆ ರಂಧ್ರ ಮಾಡುತ್ತೆ, ನಡುವಿನ ಚರ್ಮವನ್ನ ಹಾಗೇ ಬಿಡುತ್ತೆ. ಇನ್ನೊಂದು ಕಡೆ ಮೈಕ್ರೋನೀಡಲ್ ಆರ್‌ಎಫ್. ಸೂಜಿಗಳು ಒಳಗೆ ಇಳಿದು, ತುದಿಯಲ್ಲಿ ಕರೆಂಟ್ ಬಿಡ್ತವೆ.

ಕಾರ್ಬನ್ ಡೈಆಕ್ಸೈಡ್ ಲೇಸರ್ ಮೆಲನಿನ್ ಹುಡುಕಲ್ಲ, ಆದ್ದರಿಂದ ಕಲೆ ಬರಲ್ಲ ಅಂತ ಕೆಲವರು ವಾದ ಮಾಡ್ತಾರೆ. ಇದು ತಪ್ಪು. ಮೇಲ್ಚರ್ಮವನ್ನ ಆವಿ ಮಾಡಿ ಗಾಯ ಮಾಡೋದರಿಂದ ಉರಿಯೂತ ಆಗೇ ಆಗುತ್ತೆ, ಉರಿಯೂತ ಆದ್ರೆ ಕಲೆ. ಎರಡನ್ನೂ ಹೋಲಿಸಿದ ಅಧ್ಯಯನಗಳು ಹೆಚ್ಚುಕಡಿಮೆ ಒಂದೇ ಮಾತು ಹೇಳ್ತವೆ: ಗುಳಿ ತುಂಬೋದರಲ್ಲಿ ಎರಡೂ ಹತ್ತಿರ ಹತ್ತಿರ, ಕಪ್ಪು ಕಲೆಯ ಕಾಟ ಮೈಕ್ರೋನೀಡಲ್ ಆರ್‌ಎಫ್‌ನಲ್ಲಿ ಕಮ್ಮಿ. ಚೇತರಿಕೆಯ ದಿನಗಳೂ ಕಮ್ಮಿ. ಲೇಸರ್ ಆದ್ರೆ ಐದರಿಂದ ಏಳು ದಿನ ಮುಖ ಕೆಂಪಗೆ, ಹಕ್ಕಳೆ ಕಟ್ಟಿರುತ್ತೆ. ಆರ್‌ಎಫ್ ಆದ್ರೆ ಒಂದರಿಂದ ಮೂರು ದಿನ. ನಮ್ಮೂರುಗಳಲ್ಲಿ ‘ಹದಿನೈದು ದಿನಕ್ಕೆ ಮದುವೆ ಇದೆ ಮೇಡಂ’ ಅಂತ ಬರ್ತಾರೆ. ಇನ್ನೊಬ್ಬರು ದಿನಾ ಹೊಲಕ್ಕೆ ಹೋಗ್ತಾರೆ, ಮಗದೊಬ್ಬರು ಡೆಲಿವರಿ ಕೆಲಸಕ್ಕೆ ಬೈಕಲ್ಲಿ ಬಿಸಿಲು ಸುತ್ತುತ್ತಾರೆ. ಒಂದು ವಾರ ಮನೆಯೊಳಗೇ ಇರಿ ಅಂದ್ರೆ ಇರ್ತಾರಾ?

ನಿರೂಪಕ: ಹಾಗಾದ್ರೆ ಆರ್‌ಎಫ್ ಸುರಕ್ಷಿತ ಅಂತ ಕಣ್ಣು ಮುಚ್ಚಿ ತಗೊಳ್ಳಬಹುದಾ?

ವೈದ್ಯೆ: ಬಣ್ಣಗುರುಡು ಅಂದ ಮಾತ್ರಕ್ಕೆ ಅದು ಸುಡಲ್ಲ ಅಂತಲ್ಲ. ಅಮೆರಿಕದ ಎಫ್‌ಡಿಎ 2025ರ ಅಕ್ಟೋಬರ್‌ನಲ್ಲಿ ಮೈಕ್ರೋನೀಡಲ್ ಆರ್‌ಎಫ್ ಬಗ್ಗೆ ಎಚ್ಚರಿಕೆ ಹೊರಡಿಸ್ತು. ಸುಟ್ಟ ಗಾಯ, ಕಲೆ, ಕೊಬ್ಬು ಕರಗಿ ಹೋಗೋದು, ಮುಖ ವಿಕಾರ, ನರಕ್ಕೆ ಹಾನಿ ಆದ ವರದಿಗಳು ಬಂದಿವೆ ಅಂತ. ಕೊಬ್ಬು ಕರಗೋದನ್ನ ಜನ ಲಘುವಾಗಿ ತಗೋತಾರೆ. ಮುಖ ಸಣ್ಣ ಆದ್ರೆ ಒಳ್ಳೇದೇ ಅಲ್ವಾ ಅಂತ ಕೇಳ್ತಾರೆ. ಮೊದಲೇ ತೆಳ್ಳಗಿರೋ ಕೆನ್ನೆಯ ಮೇಲೆ ಸೂಜಿ ಆಳಕ್ಕಿಳಿಸಿ ಜಾಸ್ತಿ ಎನರ್ಜಿ ಕೊಟ್ಟರೆ ಕೆನ್ನೆ ಗುಳಿ ಬಿದ್ದುಹೋಗುತ್ತೆ, ಹತ್ತು ವರ್ಷ ವಯಸ್ಸಾದ ಹಾಗೆ ಕಾಣುತ್ತೆ. ಹೋದ ಕೊಬ್ಬನ್ನ ವಾಪಸ್ ತರೋದು ಸುಲಭ ಇಲ್ಲ.

ಸೂಜಿಯಲ್ಲೂ ಎರಡು ಬಗೆ. ತುದಿ ಬಿಟ್ಟು ಉಳಿದ ಭಾಗಕ್ಕೆ ಇನ್ಸುಲೇಶನ್ ಇರೋದು ಒಂದು, ಇಲ್ಲದ್ದು ಇನ್ನೊಂದು. ಇನ್ಸುಲೇಶನ್ ಇದ್ದರೆ ಬಿಸಿ ಆಳದಲ್ಲೇ ಉಳಿಯುತ್ತೆ, ಮೇಲ್ಚರ್ಮಕ್ಕೆ ತಟ್ಟೋದು ಕಮ್ಮಿ. ಕೊಳ್ಳೋವಾಗ ಇದನ್ನ ಕೇಳಲೇಬೇಕು. ಸೂಜಿ ಇಲ್ಲದ, ಮೇಲಿಂದ ಉಜ್ಜೋ ಆರ್‌ಎಫ್ ಬೇರೆ. ಅದು ಬಿಗಿ ಮಾಡೋಕೆ, ಗುಳಿಗೆ ಹೆಚ್ಚು ಉಪಯೋಗ ಇಲ್ಲ. ಅದರಲ್ಲಿ ಮೇಲ್ಚರ್ಮ 40–42 ಡಿಗ್ರಿ ದಾಟದ ಹಾಗೆ ಥರ್ಮಾಮೀಟರ್ ಹಿಡಿದೇ ಕೆಲಸ ಮಾಡಬೇಕು. ಪೇಸ್‌ಮೇಕರ್ ಇರೋರಿಗೆ ಯಾವ ಆರ್‌ಎಫ್ಫೂ ಬೇಡ.

ನಿರೂಪಕ: ಬಂಗಿಗೆ ಏನು? ನಮಗೆ ಬರೋ ಪ್ರಶ್ನೆಗಳಲ್ಲಿ ಹೆಣ್ಣುಮಕ್ಕಳದ್ದು ಅದೇ ಜಾಸ್ತಿ.

ವೈದ್ಯೆ: ಬಂಗಿಗೋಸ್ಕರ ಮಷೀನ್ ಕೊಳ್ಳಬೇಡಿ. ಇದು ನನ್ನ ಖಡಾಖಂಡಿತ ಅಭಿಪ್ರಾಯ. ‘ಲೇಸರ್ ಟೋನಿಂಗ್’ ಅಂತ ಕಡಿಮೆ ಎನರ್ಜಿಯ ಎನ್‌ಡಿ-ಯಾಗ್ ಕೊಡ್ತಾರೆ, ಮೊದಲ ಕೆಲವು ಸಲ ಮುಖ ತಿಳಿಯಾಗುತ್ತೆ. ನಿಲ್ಲಿಸಿದ ಮೇಲೆ ಹೆಚ್ಚಿನವರಿಗೆ ವಾಪಸ್ ಬರುತ್ತೆ. ಅತಿ ಮಾಡಿದರೆ ಚುಕ್ಕಿ ಚುಕ್ಕಿ ಬಿಳಿ ಮಚ್ಚೆ ಬೀಳುತ್ತೆ. ಬಂಗಿಗೆ ಬೆನ್ನೆಲುಬು ಸನ್‌ಸ್ಕ್ರೀನ್, ಮುಲಾಮು, ಕೆಲವರಿಗೆ ಮಾತ್ರೆ.

ಇನ್ನೊಂದು ಮಾತು. ಮುಖ ಬೆಳ್ಳಗಾಗಲಿ ಅಂತ ಮೆಡಿಕಲ್ ಶಾಪಿಂದ ಸ್ಟೀರಾಯ್ಡ್ ಕ್ರೀಮ್ ತಂದು ತಿಂಗಳುಗಟ್ಟಲೆ ಹಚ್ಚಿಕೊಂಡವರು ನಮ್ಮಲ್ಲಿ ಬಹಳ. ಅವರ ಚರ್ಮ ತೆಳು ಆಗಿರುತ್ತೆ. ಯಾವ ಕ್ರೀಮ್ ಹಚ್ತಿದ್ರಿ, ಟ್ಯೂಬ್ ತಂದು ತೋರಿಸಿ ಅಂತ ಕೇಳದೆ ಯಾವ ಮಷೀನನ್ನೂ ಮುಖಕ್ಕೆ ಇಡಬಾರದು.

ಲೇಸರ್‌ಗೆ ಬದಲಿಯೇ ಇಲ್ಲದ ಕೆಲಸಗಳೂ ಇವೆ. ಟ್ಯಾಟೂ, ಬೇಡದ ಕೂದಲು, ಕಣ್ಣಿನ ಸುತ್ತ ನೀಲಿ-ಬೂದು ಮಚ್ಚೆ ಬರುತ್ತಲ್ಲ, ಓಟಾ ಮಚ್ಚೆ ಅಂತೀವಿ, ಅದು. ಇವಕ್ಕೆ ಆರ್‌ಎಫ್‌ನಲ್ಲಿ ಉತ್ತರ ಇಲ್ಲ. ಲೇಸರಲ್ಲೂ ಕೂದಲಿನದು ಬೇರೆ, ಟ್ಯಾಟೂದು ಬೇರೆ. ಒಂದೇ ಪೆಟ್ಟಿಗೆಯಲ್ಲಿ ಎಲ್ಲಾ ಇದೆ ಅಂದ್ರೆ ಅನುಮಾನ ಪಡಿ.

ನಿರೂಪಕ: ಈಗ ದುಡ್ಡಿನ ಮಾತು.

ವೈದ್ಯೆ: ಲೆಕ್ಕಕ್ಕೆ ಅಂತ ಇಟ್ಕೊಳ್ಳೋಣ. 20 ಲಕ್ಷ ಸಾಲ, ಐದು ವರ್ಷ, ಶೇ 11 ಬಡ್ಡಿ. ತಿಂಗಳ ಕಂತು ಸುಮಾರು 43,500 ರೂಪಾಯಿ. ಒಂದು ಸಿಟ್ಟಿಂಗ್‌ಗೆ ಖರ್ಚೆಲ್ಲ ಕಳೆದು 3,000 ಉಳಿದರೆ ಕಂತು ಕಟ್ಟೋಕೇ 15 ಸಿಟ್ಟಿಂಗ್ ಬೇಕು. ಬಾಡಿಗೆ, ಸ್ಟಾಫ್ ಸಂಬಳ, ವಾರ್ಷಿಕ ನಿರ್ವಹಣೆ ಎಲ್ಲಾ ಆಮೇಲೆ. ನಿಮ್ಮ ಊರಲ್ಲಿ ತಿಂಗಳಿಗೆ 15 ಜನ ಅದಕ್ಕೆ ಬರ್ತಾರಾ, ರಿಜಿಸ್ಟರ್ ಏನು ಹೇಳುತ್ತೆ?

ಆ ‘ಖರ್ಚೆಲ್ಲ ಕಳೆದು’ ಅನ್ನೋದರಲ್ಲೇ ಗುಟ್ಟಿರೋದು. ಕಾರ್ಬನ್ ಡೈಆಕ್ಸೈಡ್ ಲೇಸರ್‌ಗೆ ಪ್ರತಿ ಸಲ ಬದಲಿಸೋ ಸಾಮಾನು ಬಹಳ ಕಮ್ಮಿ. ಆದ್ರೆ ಟ್ಯೂಬ್‌ಗೆ ಆಯಸ್ಸಿದೆ, ಅಗ್ಗದ ಗಾಜಿನ ಟ್ಯೂಬ್ ಆದ್ರೆ ಬೇಗ ಮಂಕಾಗುತ್ತೆ. ಅಂದ ಹಾಗೆ, ಲೇಸರ್ ಬ್ರೋಷರ್‌ನಲ್ಲಿ ‘ಆರ್‌ಎಫ್ ಟ್ಯೂಬ್’ ಅಂತ ಬರೆದಿರ್ತಾರೆ. ಅದು ಟ್ಯೂಬ್ ಒಳಗಿನ ಗ್ಯಾಸನ್ನ ಉದ್ದೀಪಿಸೋ ವಿಧಾನ, ರೋಗಿಗೆ ಆರ್‌ಎಫ್ ಚಿಕಿತ್ಸೆ ಕೊಡುತ್ತೆ ಅಂತಲ್ಲ. ಇದನ್ನ ‘ಟೂ ಇನ್ ಒನ್’ ಅಂದ್ಕೊಳ್ಳೋರೂ ಇದ್ದಾರೆ.

ಮೈಕ್ರೋನೀಡಲ್ ಆರ್‌ಎಫ್‌ನಲ್ಲಿ ಸೂಜಿಯ ಟಿಪ್ ಪ್ರತಿಯೊಬ್ಬರಿಗೂ ಹೊಸದು ಬೇಕು. ಅದರ ಬೆಲೆ ಕಂಪನಿಯ ಕೈಯಲ್ಲಿ. ಮಷೀನ್ ಕೊಳ್ಳೋವಾಗಲೇ ಮೂರು ವರ್ಷದ ಟಿಪ್ ದರವನ್ನ ಬರವಣಿಗೆಯಲ್ಲಿ ತಗೊಳ್ಳಿ. ಟಿಪ್ ದುಬಾರಿ ಆದಾಗ ತೊಳೆದು ಮತ್ತೆ ಬಳಸೋಣ ಅನ್ನೋ ಆಸೆ ಬರುತ್ತೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲೈಸೆನ್ಸ್ ಇಲ್ಲದ ಒಂದು ಸ್ಪಾ ಒಮ್ಮೆ ಬಳಸಿ ಎಸೆಯಬೇಕಾದ ಸಾಮಾನನ್ನ ಮತ್ತೆ ಬಳಸ್ತಿತ್ತು. ಅಲ್ಲಿ ಸೂಜಿ ಚುಚ್ಚಿ ರಕ್ತದ ಪ್ಲೇಟ್‌ಲೆಟ್ ಹಚ್ಚೋ ಫೇಶಿಯಲ್ ಮಾಡಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ಬಂದದ್ದನ್ನ ಅಲ್ಲಿನ ಸಿಡಿಸಿ 2024ರಲ್ಲಿ ವರದಿ ಮಾಡಿತು. ಅದು ಆರ್‌ಎಫ್ ಅಲ್ಲ, ಆದ್ರೆ ಸೂಜಿ ಸೂಜಿಯೇ.

ನಿರೂಪಕ: ಕರೆಂಟು, ರೂಮು ಇವೆಲ್ಲ?

ವೈದ್ಯೆ: ಲೇಸರ್‌ಗೆ ರೂಮೇ ಬೇರೆ ಥರ ಇರಬೇಕು. ಗೋಡೆಯಲ್ಲಿ ಕನ್ನಡಿ ಬೇಡ. ಒಳಗಿರೋ ಪ್ರತಿಯೊಬ್ಬರಿಗೂ ಆ ತರಂಗಾಂತರಕ್ಕೇ ಮಾಡಿದ ಕನ್ನಡಕ ಬೇಕು, ಒಂದು ಲೇಸರಿನ ಕನ್ನಡಕ ಇನ್ನೊಂದಕ್ಕೆ ಆಗಲ್ಲ. ಕಾರ್ಬನ್ ಡೈಆಕ್ಸೈಡ್ ಆದ್ರೆ ಹೊಗೆ ಎಳೆಯೋ ಯಂತ್ರವೂ ಬೇಕು. ಸ್ಪಿರಿಟ್ ಹಚ್ಚಿ ಒಣಗೋ ಮೊದಲು ಲೇಸರ್ ಬಿಟ್ಟರೆ ಬೆಂಕಿ ಹತ್ತಬಹುದು. ಎಸಿ, ಸ್ಟೆಬಿಲೈಜರ್, ಯುಪಿಎಸ್ ಇಲ್ಲದಿದ್ದರೆ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಲೇಸರ್ ನಿಮ್ಮ ಮಾತು ಕೇಳಲ್ಲ. ಆರ್‌ಎಫ್‌ಗೆ ಇಷ್ಟೆಲ್ಲ ರಗಳೆ ಇಲ್ಲ. ಯಾವುದೇ ತಗೊಂಡರೂ ಸರ್ವಿಸ್ ಎಂಜಿನಿಯರ್ ಎಲ್ಲಿರ್ತಾರೆ, ಕೆಟ್ಟರೆ ಎಷ್ಟು ದಿನಕ್ಕೆ ಬರ್ತಾರೆ, ಅಲ್ಲೀವರೆಗೆ ಬದಲಿ ಮಷೀನ್ ಕೊಡ್ತಾರಾ, ಇದು ಕರಾರಿನಲ್ಲಿ ಇರಲಿ.

ನಿರೂಪಕ: ‘ಎಫ್‌ಡಿಎ ಅಪ್ರೂವ್ಡ್’ ಅಂತ ಎಲ್ಲದರ ಮೇಲೂ ಬರೆದಿರ್ತಾರಲ್ಲ?

ವೈದ್ಯೆ: ಇಂಥ ಮಷೀನ್‌ಗಳಿಗೆ ಸಾಮಾನ್ಯವಾಗಿ ಸಿಗೋದು ‘ಕ್ಲಿಯರೆನ್ಸ್’. ಅದೂ ಒಂದು ನಿರ್ದಿಷ್ಟ ಉಪಯೋಗಕ್ಕೆ. ಯಾವ ಉಪಯೋಗಕ್ಕೆ ಅಂತ ಪತ್ರ ಕೇಳಿ ನೋಡಿ. ಅದಕ್ಕಿಂತ ಮುಖ್ಯ, ಇದು ಭಾರತ. ನಮ್ಮಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮ ಇದೆ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಕೊಟ್ಟ ಆಮದು ಅಥವಾ ತಯಾರಿಕಾ ಲೈಸೆನ್ಸ್ ನಂಬರ್ ಕೇಳಿ. ಕರ್ನಾಟಕದಲ್ಲಾದ್ರೆ ಕ್ಲಿನಿಕ್‌ಗೆ ಕೆಪಿಎಂಇ ನೋಂದಣಿ ಬೇಕೇ ಬೇಕು.

ನಿರೂಪಕ: ಕೊನೆಗೆ, ನಿಮ್ಮನ್ನೇ ಕೇಳ್ತೀನಿ. ಒಂದೇ ಮಷೀನ್ ಅಂದ್ರೆ ಯಾವುದು?

ವೈದ್ಯೆ: ರಿಜಿಸ್ಟರ್‌ನಲ್ಲಿ ಮೊಡವೆ ಗುಳಿ ಜಾಸ್ತಿ ಇದ್ದರೆ ಇನ್ಸುಲೇಶನ್ ಇರೋ ಮೈಕ್ರೋನೀಡಲ್ ಆರ್‌ಎಫ್. ಕೂದಲು ಜಾಸ್ತಿ ಇದ್ದರೆ ಡಯೋಡ್ ಅಥವಾ ಲಾಂಗ್ ಪಲ್ಸ್ ಎನ್‌ಡಿ-ಯಾಗ್, ಟ್ಯಾಟೂ-ಮಚ್ಚೆ ಜಾಸ್ತಿ ಇದ್ದರೆ ಕ್ಯೂ-ಸ್ವಿಚ್ಡ್ ಎನ್‌ಡಿ-ಯಾಗ್. ನರುಳ್ಳೆ, ಸಣ್ಣ ಗಂಟು ತೆಗೆಯೋಕೆ ಇವ್ಯಾವೂ ಬೇಡ, ಆರ್‌ಎಫ್ ಕಾಟರಿ ಅನ್ನೋ ಸಣ್ಣ ಮಷೀನ್ ಸಾಕು, ಬೆಲೆಯೂ ಕಮ್ಮಿ. ಕಾರ್ಬನ್ ಡೈಆಕ್ಸೈಡ್ ಲೇಸರನ್ನ ಎರಡನೇ ಮಷೀನ್ ಆಗಿ ತಗೊಳ್ಳಿ, ಕೈ ಪಳಗಿದ ಮೇಲೆ.

ಡೆಮೋ ಕೊಡೋವಾಗ ಸೇಲ್ಸ್‌ನವರು ತಮ್ಮ ಕೈ ಮೇಲೇ ಒಂದು ಶಾಟ್ ಹೊಡೆದು ‘ನೋಡಿ, ಏನೂ ಆಗಲಿಲ್ಲ’ ಅಂತಾರೆ. ಕಪ್ಪು ಕಲೆ ಅವತ್ತು ಕಾಣಿಸೋದೇ ಇಲ್ಲ, ವಾರಗಳಾದ ಮೇಲೆ ಬರುತ್ತೆ. ನಿಮ್ಮಲ್ಲಿಗೆ ಬರೋಂಥ ಚರ್ಮದವರು ಒಪ್ಪಿದರೆ, ಕಿವಿ ಹಿಂದೆಯೋ ದವಡೆ ಕೆಳಗೋ ಒಂದು ಸಣ್ಣ ಜಾಗದಲ್ಲಿ ಮಾಡಿ, ಫೋಟೋ ತೆಗೆದಿಟ್ಟು ನಾಲ್ಕು ವಾರ ಕಾಯಿರಿ.

ನಿರೂಪಕ: ಆಫರ್ ಈ ತಿಂಗಳಿಗೆ ಮಾತ್ರ ಅಂದ್ರೆ?

ವೈದ್ಯೆ: (ನಗುತ್ತಾ) ಮುಂದಿನ ತಿಂಗಳೂ ಫೋನ್ ಮಾಡ್ತಾರೆ, ಬಿಡಿ.