ಮೊದಲ ದಿನ, ಮೊದಲ ಆಟ… ಮೊದಲ ಹೆಜ್ಜೆ!

ಕಟೌಟಿಗೆ ಹಾರ ಏರಿಸಿದ್ದಾಯಿತು. ಪಟಾಕಿ ಸರ ಸಿಡಿಸಿದ್ದಾಯಿತು. ಬೆಳಗಿನ ಆರು ಗಂಟೆ ಆಟಕ್ಕೆ ನಾಲ್ಕಕ್ಕೇ ಎದ್ದು, ಚಳಿಯಲ್ಲಿ ನಡುಗುತ್ತಾ ಗೇಟಿನ ಮುಂದೆ ನಿಂತದ್ದಾಯಿತು. ಹೀರೋ ಎಂಟ್ರಿಗೆ ಶಿಳ್ಳೆ ಹೊಡೆದು ಗಂಟಲು ಕಟ್ಟಿದ್ದೂ ಆಯಿತು. ಇಂಟರ್‌ವಲ್‌ನಲ್ಲಿ ಜೇಬಿಗೆ ಕೈ ಹಾಕಿ ಫೋನ್ ತೆಗೆದರೆ ಮನೆಯಿಂದ ಮೂರು ಮಿಸ್ಡ್ ಕಾಲ್!

ಎದೆ ಧಸಕ್ಕೆಂದಿತು. ತಕ್ಷಣ ಫೋನ್ ಮಾಡಿದೆ.

"ಪುಟ್ಟಿ ನಡೆದುಬಿಟ್ಟಳು ರೀ! ಮಂಚದಿಂದ ಅತ್ತೆ ಹತ್ತಿರಕ್ಕೆ. ಐದು ಹೆಜ್ಜೆ! ನಾನೇ ಎಣಿಸಿದೆ."

ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅವಳೇ ಸಮಾಧಾನ ಹೇಳಿದಳು: "ಬಿಡಿ, ನೀವು ಬಂದ ಮೇಲೆ ಮತ್ತೆ ನಡೀತಾಳೆ." ಬೈದಿದ್ದರೆ ವಾಸಿಯಿತ್ತು ಮಾರಾಯ್ರೆ. ಆ 'ಬಿಡಿ' ಅನ್ನೋ ಮಾತು ಚುಚ್ಚಿದ ಹಾಗೆ ಯಾವ ಬೈಗುಳವೂ ಚುಚ್ಚೋದಿಲ್ಲ.

ಆಮೇಲೆ ಏನು ಮಾಡಿದೆ ಅಂತೀರಾ? ಓಡೋಡಿ ಮನೆಗೆ ಹೋದೆ ಅಂತ ಬರೆದರೆ ಓದೋದಕ್ಕೆ ಚೆನ್ನಾಗಿರುತ್ತೆ. ಆದರೆ ಸುಳ್ಳಾಗುತ್ತೆ. ಒಳಗೆ ಹೋಗಿ ಕೂತು, ಸೆಕೆಂಡ್ ಹಾಫ್ ಪೂರ್ತಿ ನೋಡಿಯೇ ಎದ್ದೆ.

ಪುಟ ತಿರುಗಿಸಬೇಡಿ ಸ್ವಾಮಿ! 'ನಮಗಿನ್ನೂ ಮದುವೆಯೇ ಆಗಿಲ್ಲ, ಮಗು ವಿಷಯ ಯಾಕೆ?' ಅಂತ ಕೇಳುವ ತಮ್ಮಂದಿರೇ, ನಿಮ್ಮ ಬಸ್ಸು ಬರೋದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಓದಿ. ಇದೂ ಸಿನಿಮಾ ಕಥೆಯೇ.

ಅಪ್ಪನ ಲೆಕ್ಕ

ನಾವು ಮಂಡ್ಯದವರು. ನಮ್ಮಪ್ಪ ಆ ಕಾಲದ ಕಟ್ಟಾ ರಾಜ್ ಅಭಿಮಾನಿ. ಅವರನ್ನು ಕೂರಿಸಿಕೊಂಡು ಪುನೀತ್ ಬಗ್ಗೆ ಕೇಳಿ ನೋಡಿ, ತಾರೀಕಿನ ಸಮೇತ ಹೇಳುತ್ತಾರೆ. 1975ರ ಮಾರ್ಚ್ 17ರಂದು ಮದ್ರಾಸಿನಲ್ಲಿ ಹುಟ್ಟಿದ್ದು. ಆರು ತಿಂಗಳ ಕೂಸಾಗಿದ್ದಾಗಲೇ ಕ್ಯಾಮೆರಾ ಮುಂದೆ ಬಂದು, 1976ರ 'ಪ್ರೇಮದ ಕಾಣಿಕೆ'ಯಲ್ಲಿ ಕಾಣಿಸಿಕೊಂಡದ್ದು. 1977ರಲ್ಲಿ 'ಸನಾದಿ ಅಪ್ಪಣ್ಣ'. 1978ರಲ್ಲಿ 'ತಾಯಿಗೆ ತಕ್ಕ ಮಗ'. 1980ರಲ್ಲಿ 'ವಸಂತ ಗೀತ'. ಆಗೆಲ್ಲ ಹೆಸರು ಮಾಸ್ಟರ್ ಲೋಹಿತ್. 1985ರ 'ಬೆಟ್ಟದ ಹೂವು' ಚಿತ್ರಕ್ಕೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ. 2002ರಲ್ಲಿ 'ಅಪ್ಪು' ಆಗಿ ನಾಯಕ.

ತೋಳಿನ ಕೂಸು ನಾಯಕನಾಗುವ ತನಕ ಒಂದು ಇಡೀ ನಾಡು ಆ ಮಗುವನ್ನು ಕಣ್ಣಲ್ಲಿಟ್ಟು ನೋಡಿತು. 2021ರ ಅಕ್ಟೋಬರ್ 29ರಂದು, ಬರೀ 46 ವರ್ಷಕ್ಕೆ ಅವರು ಹೋದಾಗ ನಮ್ಮಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಎತ್ತಿ ಆಡಿಸಿದ ಮಗು ಕಣೋ" ಅಂದರು. ಎತ್ತಿ ಆಡಿಸಿದ್ದು ಎಲ್ಲಿ? ಸೆಕೆಂಡ್ ಕ್ಲಾಸ್ ಬೆಂಚಿನಲ್ಲಿ ಕೂತು ಕಣ್ಣಿನಲ್ಲಿ!

ನನ್ನ ಮಗಳು ನಡೆದ ದಿನ ಸಂಜೆ ಅಪ್ಪನನ್ನು ಸುಮ್ಮನೆ ಕೇಳಿದೆ: "ಅಪ್ಪಾ, ನಾನು ಮೊದಲು ನಡೆದದ್ದು ಯಾವಾಗ?"

ಅಪ್ಪ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ನಿಮ್ಮಮ್ಮನ್ನ ಕೇಳು" ಅಂದರು.

ಅಷ್ಟೆ. ಪಾಪ, ಅವರ ತಪ್ಪೂ ಇಲ್ಲ. ಮೂರು ಶಿಫ್ಟಿನ ಕೆಲಸ, ಇದ್ದ ಒಂದೇ ಸಂತೋಷ ಸಿನಿಮಾ. ಆದರೆ ತೆರೆಯ ಮೇಲಿನ ಮಗುವಿನ ಲೆಕ್ಕ ಬಾಯಿಪಾಠ, ಮನೆಯ ಮಗುವಿನ ಲೆಕ್ಕ ಅಮ್ಮನ ಹತ್ತಿರ! ನಾನೂ ಅದೇ ದಾರಿ ಹಿಡಿದಿದ್ದೇನಲ್ಲಾ ಅನ್ನಿಸಿ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಹದಿನಾಲ್ಕು ತಿಂಗಳ ಟೆನ್ಷನ್

ನಮ್ಮ ಪುಟ್ಟಿ ನಡೆದದ್ದು ಹದಿನಾಲ್ಕು ತಿಂಗಳಿಗೆ. ಅದಕ್ಕೆ ಮುಂಚೆ ಮನೆಯಲ್ಲಿ ನಡೆದ ಡ್ರಾಮಾ ಕೇಳಬೇಡಿ. ಪಕ್ಕದ ಮನೆ ಹುಡುಗ ಹತ್ತು ತಿಂಗಳಿಗೇ ಓಡಾಡಿದ್ದ. ಬಂದವರೆಲ್ಲ ಕೇಳೋದೇ, "ಇನ್ನೂ ಅಂಬೆಗಾಲೇನಾ?" ಹೆಂಡತಿ ಒಳಗೆ ಹೋಗಿ ಅಳುತ್ತಿದ್ದಳು. ಬಂಧುವೊಬ್ಬರು ಕೂರಿಸಿ ತಳ್ಳುವ, ಸುತ್ತ ಚಕ್ರವಿರುವ ವಾಕರ್ ತಂದುಕೊಟ್ಟರು.

ಮಕ್ಕಳ ಡಾಕ್ಟರು ಮೊದಲು ಹೇಳಿದ್ದೇ ಆ ವಾಕರ್ ಅಟ್ಟಕ್ಕೆ ಹಾಕಿ ಅಂತ. ಅದು ನಡಿಗೆ ಕಲಿಸೋದಿಲ್ಲ, ಮೆಟ್ಟಿಲಿನ ಹತ್ತಿರ ಹೋದರೆ ಮಗುವನ್ನು ಉರುಳಿಸುತ್ತೆ. ಕೆನಡಾ ದೇಶ 2004ರಲ್ಲಿ ಅಂಥ ವಾಕರ್ ಮಾರಾಟವನ್ನೇ ನಿಷೇಧಿಸಿತು. ಆಮೇಲೆ ಅವರು ಹೇಳಿದ ಲೆಕ್ಕ ಕೇಳಿ ನಮ್ಮ ಎದೆ ಹಗುರವಾಯಿತು. ವಿಶ್ವ ಆರೋಗ್ಯ ಸಂಸ್ಥೆ ನಮ್ಮ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕ ಅದು. ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯೋದು 8.2 ತಿಂಗಳಿಂದ 17.6 ತಿಂಗಳೊಳಗೆ. ಸರಾಸರಿ ಹನ್ನೆರಡು ತಿಂಗಳು. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲು ಇಡದೆಯೇ ಎದ್ದು ನಡೆದುಬಿಡುತ್ತವೆ! ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಸಿನಿಮಾದವರಿಗೆ ಅರ್ಥವಾಗೋ ಹಾಗೆ ಹೇಳೋದಾದರೆ, ರಿಲೀಸ್ ಡೇಟ್ ಮುಂದೆ ಹೋಯಿತು ಅಂದ ಮಾತ್ರಕ್ಕೆ ಪಿಕ್ಚರ್ ಡಬ್ಬಾ ಅಂತಲ್ಲ.

ಗಂಟೆಗೆ ಹದಿನೇಳು ಬೀಳು

ಮೊದಲ ಆಟ ತಪ್ಪಿಸಿಕೊಂಡ ನನಗೆ ಮತ್ತೊಂದು ಲೆಕ್ಕ ಧೈರ್ಯ ಕೊಟ್ಟಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕೇರನ್ ಅಡಾಲ್ಫ್ ಮತ್ತವರ ಸಂಗಡಿಗರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದರಿಂದ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳನ್ನು ಆಟಕ್ಕೆ ಬಿಟ್ಟು ಹೆಜ್ಜೆ ಎಣಿಸಿದರು. ಸರಾಸರಿ ಒಂದು ಗಂಟೆಗೆ ಎಷ್ಟು ಗೊತ್ತೇ? 2,368 ಹೆಜ್ಜೆ! ದೂರ 701 ಮೀಟರ್. ಬಿದ್ದದ್ದು 17 ಸಲ.

ಹದಿನೇಳು ಸಲ ಬಿದ್ದು ಹದಿನೇಳು ಸಲವೂ ಏಳೋದು! ನಮ್ಮ ಯಾವ ಫೈಟಿಂಗ್ ಹೀರೋ ಡೂಪ್ ಇಲ್ಲದೆ ಹೀಗೆ ಮಾಡಿಯಾನು ಹೇಳಿ? ನಾನು ಕಳೆದುಕೊಂಡದ್ದು ಐದು ಹೆಜ್ಜೆ. ಮಿಕ್ಕದ್ದೆಲ್ಲ ಮುಂದೇ ಇತ್ತು. ಫಸ್ಟ್ ಡೇ ಫಸ್ಟ್ ಶೋ ತಪ್ಪಿದರೇನಂತೆ, ಪಿಕ್ಚರ್ ಇನ್ನೂ ಓಡ್ತಾ ಇದೆಯಲ್ಲ!

ಆವತ್ತಿನಿಂದ ಆಫೀಸು ಬಿಟ್ಟವನೇ ನೇರ ಮನೆಗೆ. ಅಮ್ಮ ಕಾಲಿಗೆ ಗೆಜ್ಜೆ ಹಾಕಿದ್ದಳು. ಸದ್ದಿನ ಮೇಲೆ ಅವಳು ಯಾವ ಕೋಣೆಯಲ್ಲಿದ್ದಾಳೆ ಅಂತ ಗೊತ್ತಾಗುತ್ತಿತ್ತು. ಸದ್ದು ನಿಂತಿತೋ, ಏನೋ ಕಿತಾಪತಿ ನಡೆದಿದೆ ಅಂತಲೇ ಅರ್ಥ. ಹೊಸಿಲು ದಾಟಿದ ದಿನ ಅಮ್ಮ ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟು ಬೆಲ್ಲ ಹಂಚಿದಳು. ಆ ಸೀನಿಗೆ ನಾನು ಹಾಜರ್!

ಜಿರಾಫೆ ಫ್ಲಾಪ್, ಅಳಿಲು ಹಿಟ್

ನಡಿಗೆ ಸ್ವಲ್ಪ ಗಟ್ಟಿಯಾದ ಮೇಲೆ ಎಲ್ಲರೂ ಸೇರಿ ಮೈಸೂರಿಗೆ ಹೊರಟೆವು. 1892ರಲ್ಲಿ ಶುರುವಾದ ಮೃಗಾಲಯ. ಮಂಗಳವಾರ ರಜೆ ಅನ್ನೋದು ನೆನಪಿರಲಿ, ಇಲ್ಲದಿದ್ದರೆ ಗೇಟು ನೋಡಿಕೊಂಡು ವಾಪಸ್ ಬರಬೇಕಾದೀತು.

ಟಿಕೆಟ್ ಕೊಟ್ಟು ಒಳಗೆ ಹೋದೆವು. ಎದುರಿಗೆ ಜಿರಾಫೆ! ಅಪ್ಪ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿ, "ನೋಡು ನೋಡು" ಅಂದರು. ಅವಳು ನೋಡಲಿಲ್ಲ. ಇಳಿಸಿ ಅಂತ ಹಟ ಹಿಡಿದಳು. ಇಳಿಸಿದರೆ ದಾರಿಯಲ್ಲಿ ಬಿದ್ದ ಒಣ ಎಲೆ ಹೆಕ್ಕಿದಳು. ಒಂದು ಅಳಿಲು ಕಂಡಿತು ನೋಡಿ, ಕಿಲಕಿಲ ನಗುತ್ತಾ ಅದರ ಹಿಂದೆ ಹತ್ತು ಹೆಜ್ಜೆ ಓಡಿ ದಪ್ಪನೆ ಬಿದ್ದಳು. ಎದ್ದಳು. ಮತ್ತೆ ಅಳಿಲಿನ ಕಡೆಗೇ! ಆನೆ, ಹುಲಿ ಯಾವುದಕ್ಕೂ ಕಲೆಕ್ಷನ್ನೇ ಇಲ್ಲ. ಅರ್ಧ ಮೃಗಾಲಯವನ್ನೂ ನೋಡಲಿಲ್ಲ, ಅಷ್ಟರಲ್ಲಿ ಊಟದ ಹೊತ್ತು.

ನನಗೆ ಸಿಟ್ಟು ಬಂತು. "ಇಷ್ಟು ದುಡ್ಡು ಕೊಟ್ಟು ಅಳಿಲು ನೋಡೋದಕ್ಕೆ ಬಂದ್ವಾ?" ಅಂದೆ. ಅಪ್ಪ ನಕ್ಕರು: "ಸುಮ್ನಿರೋ. ಇವತ್ತು ಹೀರೋಯಿನ್ ಯಾರು? ಅವಳು ಹೇಳಿದ ಕಡೆ ಕ್ಯಾಮೆರಾ ಇಡಬೇಕು."

ಮಗು ಜೊತೆ ಹೊರಗೆ ಹೋಗುವವರಿಗೆ ಇದಕ್ಕಿಂತ ದೊಡ್ಡ ಬುದ್ಧಿಮಾತು ನನಗೆ ಗೊತ್ತಿಲ್ಲ. ಹತ್ತು ಜಾಗ ನೋಡೋ ಪ್ಲಾನ್ ಬೇಡ, ಒಂದೇ ಜಾಗ ಸಾಕು. ನೀರು, ಒಂದು ಜೊತೆ ಹೆಚ್ಚಿನ ಬಟ್ಟೆ, ಒಂದು ಡಬ್ಬಿ ಮೊಸರನ್ನ. ಮಿಕ್ಕದ್ದನ್ನು ಅವರೇ ಡೈರೆಕ್ಟ್ ಮಾಡ್ತಾರೆ.

ಶತದಿನೋತ್ಸವ

ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಾರೀಕಿಗೆ ಪೆನ್ಸಿಲಿನಲ್ಲಿ ಸೊನ್ನೆ ಸುತ್ತಿತ್ತು. ಪಕ್ಕದಲ್ಲಿ ಅಪ್ಪನ ಅಕ್ಷರ: 'ರಿಲೀಸ್'. ಪುಟ್ಟಿ ಐದು ಹೆಜ್ಜೆ ಇಟ್ಟ ದಿನ! ಆವತ್ತು ಅಪ್ಪ ಬಾಗಿಲಲ್ಲೇ ಕೂತು ನೋಡಿದ್ದರಂತೆ. ನನ್ನ ಹೆಜ್ಜೆ ತಪ್ಪಿಸಿಕೊಂಡವರು ಮೊಮ್ಮಗಳದ್ದನ್ನು ತಪ್ಪಿಸಿಕೊಳ್ಳಲಿಲ್ಲ. ತಿಂಗಳುಗಳ ನಂತರ ನೋಡಿದರೆ ಇನ್ನೊಂದು ಸೊನ್ನೆ, ಅದರ ಪಕ್ಕದಲ್ಲಿ '100ನೇ ದಿನ'.

ಶತದಿನೋತ್ಸವಕ್ಕೆ ಥಿಯೇಟರ್ ಅಲ್ಲದೆ ಇನ್ನೆಲ್ಲಿಗೆ? ಯು ಸರ್ಟಿಫಿಕೇಟ್ ಚಿತ್ರ, ಮಧ್ಯಾಹ್ನದ ಆಟ, ಬಾಗಿಲ ಪಕ್ಕದ ಸೀಟು. ಮೊದಲ ಅರ್ಧ ಪುಟ್ಟಿ ಬಾಯಿ ಬಿಟ್ಟುಕೊಂಡು ಬೆಳಕು ನೋಡಿದಳು. ಸೆಕೆಂಡ್ ಹಾಫ್‌ನಲ್ಲಿ ಫೈಟಿಂಗ್ ಶುರುವಾಗಿ ಸ್ಪೀಕರು ಗುಡುಗಿದ್ದೇ ತಡ, ಕಿವಿ ಮುಚ್ಚಿಕೊಂಡು ಅಳು. ಆ ಸದ್ದು ಅಷ್ಟು ಎಳೆ ಕಿವಿಗಲ್ಲ, ಅದು ನಮಗೆ ಮೊದಲೇ ಹೊಳೆಯಬೇಕಿತ್ತು.

ಹೆಂಡತಿ ಎದ್ದಳು. "ಕೂತ್ಕೋ, ನಾನು ಹೋಗ್ತೀನಿ" ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ಕ್ಲೈಮ್ಯಾಕ್ಸು ರೀ…"

"ನೀನು ನೋಡಿ ಹೇಳು."

ಹೊರಗೆ ಲಾಬಿ ಖಾಲಿ. ಬಾಗಿಲ ಹಿಂದಿನಿಂದ ಜನರ ಶಿಳ್ಳೆ ಕೇಳುತ್ತಿತ್ತು. ಪುಟ್ಟಿ ಕೆಳಗಿಳಿದಳು. ಬಾಲ್ಕನಿಗೆ ಹೋಗುವ ಮೆಟ್ಟಿಲು ನೋಡಿದಳು. ನನ್ನ ಕಿರುಬೆರಳು ಹಿಡಿದು ಒಂದು ಮೆಟ್ಟಿಲು ಹತ್ತಿದಳು. ಎರಡನೆಯದಕ್ಕೆ ಬೆರಳು ಬಿಟ್ಟು ಗೋಡೆ ಹಿಡಿದಳು. ಹತ್ತಿ ನಿಂತು ನನ್ನ ಕಡೆ ತಿರುಗಿ ನಕ್ಕಳು. ಫೋನ್ ತೆಗೆಯೋ ಯೋಚನೆ ಬಂತು, ತೆಗೆಯಲಿಲ್ಲ. ಬೀಳದ ಹಾಗೆ ಕೈ ಚಾಚಿಕೊಂಡು ನಿಂತಿದ್ದೆ.

ಆ ಚಿತ್ರದ ಕ್ಲೈಮ್ಯಾಕ್ಸ್ ಏನಾಯಿತೋ, ಹೆಂಡತಿ ಹೇಳಿದಳು, ನನಗೆ ಮರೆತುಹೋಗಿದೆ. ಆದರೆ ಎರಡು ಮೆಟ್ಟಿಲಿನ ತಾರೀಕು ಈಗ ಕ್ಯಾಲೆಂಡರಿನಲ್ಲಿದೆ. ಈ ಸಲ ಬರೆದದ್ದು ನಾನು. ನಾಳೆ ಅವಳು ಬೆಳೆದು ನಿಂತು ಕೇಳಿದರೆ, "ಅಮ್ಮನ್ನ ಕೇಳು" ಅಂತ ನಾನು ಹೇಳಬೇಕಾಗಿಲ್ಲ.

ಅಗೋ, ನಿಮ್ಮ ಬಸ್ಸು ಬಂತು. ಹತ್ತಿ!